ಸಿನಿಮಾಕ್ಕೆ ಕೊಟ್ಟ ಬಲಗೈ

ಆಗಸ್ಟ್ ತಿಂಗಳ ಕೊನೆ. ನಮ್ಮೂರಾದ ಆಲ್ಟನ್‌ರೀಡ್‌ನ ಹುಲ್ಲುಗಾವಲುಗಳಲ್ಲಿ ಎರಡನೆಯ ಕೊಯ್ಲಿನ ಹುಲ್ಲು ಮಗುಚುವ ಕೆಲಸ ನಡೆದಿತ್ತು. ಜೂನಿನಲ್ಲಿ ಕೊಯ್ಯುವ ಮೊದಲ ಹುಲ್ಲಿನ ಹಾಗಲ್ಲ ಇದು. ಎಳೆ ಸಣ್ಣ, ಮೈ ಮೆತ್ತಗೆ, ಹಸುಗಳಿಗೆ ಬಲು ರುಚಿ. ಒಣಗುವುದಕ್ಕೆ ಮಾತ್ರ ತವರಿಗೆ ಬಂದ ಮಗಳು ಹೊರಡುವಷ್ಟು ಸಾವಕಾಶ. ಇಬ್ಬನಿ ಆರುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ಆರಿದ ಮೇಲೆ ಹರಡಬೇಕು, ಮಗುಚಬೇಕು, ಹೊತ್ತು ಇಳಿಯುವುದರೊಳಗೆ ಗುಪ್ಪೆ ಹಾಕಬೇಕು. ಮಾರನೆಯ ದಿನ ಆ ಗುಪ್ಪೆಯನ್ನು ಕೆಡವಿ ಮತ್ತೆ ಅದೇ ಕೆಲಸ.

ಕ್ವಿರಿನ್ ಕವೆಗೋಲಿನಿಂದ ಮಗುಚುತ್ತ ಮುಂದೆ ಹೋಗುತ್ತಿದ್ದ. ಅವನ ಅಕ್ಕ ನೋಟ್‌ಬುರ್ಗಾ, ಊರವರ ಬಾಯಲ್ಲಿ ಬುರ್ಗಾ, ಮರದ ಹಲ್ಲಿನ ಕುಂಟೆಯಿಂದ ಅವನು ಬಿಟ್ಟುಹೋದದ್ದನ್ನು ಎಳೆಯುತ್ತ, ಎಳೆದ ಒಂದೊಂದು ಸಲಕ್ಕೂ ಒಂದೊಂದು ಮಾತು ಆಡುತ್ತ ಹಿಂದೆ ಬರುತ್ತಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಮನೆಯ ಯಜಮಾನ ಕ್ವಿರಿನ್ ಎಂದು ತೆರಿಗೆಯವರು ಮಾತ್ರ ನಂಬಿದ್ದರು.

"ಬಲಗಡೆ ಬಿಟ್ಟೆ ನೋಡು."

ಕ್ವಿರಿನ್ ಎಡಕ್ಕೆ ತಿರುಗಿ ಹುಡುಕಿದ.

"ಬಲಗಡೆ ಅಂದೆ. ಚರ್ಚು ಇರೋ ಕಡೆ ಕಣೋ."

"ಹಾಗೆ ಮೊದಲೇ ಹೇಳಬಾರದೇ," ಎಂದು ಅವನು ಚರ್ಚಿನ ಕಡೆ ತಿರುಗಿದ.

ಎಡಬಲದ ವಿಷಯದಲ್ಲಿ ಅವನು ಹುಟ್ಟಿನಿಂದ ಹೀಗೆ. ಊರಿನ ಅಗ್ನಿಶಾಮಕ ದಳಕ್ಕೆ ಹೊಸ ಪಂಪು ಬಂದಾಗ ಪಾದ್ರಿಗಳು ಅದರ ಮೇಲೆ ಮಂತ್ರಜಲ ಚಿಮುಕಿಸಲು ಬಂದಿದ್ದರು. ಕವಾಯತಿನಲ್ಲಿ 'ಬಲಕ್ಕೆ' ಎಂದಾಗ ಕ್ವಿರಿನ್ ಕೊಳವೆ ಹಿಡಿದು ಎಡಕ್ಕೆ ತಿರುಗಿದ, ಎಡಕ್ಕೆ ಪಾದ್ರಿಗಳಿದ್ದರು. ಅಂದಿನಿಂದ ಅವನನ್ನು ಏಣಿ ಹಿಡಿಯುವುದಕ್ಕೆ ಮಾತ್ರ ಕರೆಯುತ್ತಾರೆ. ಏಣಿಗೆ ಎಡಬಲ ಯಾವುದಾದರೂ ನಡೆಯುತ್ತದೆ.

ಬೇಲಿಯ ಆಚೆ ಆಫ್ರಾಳ ಹುಲ್ಲು. ಗಂಡ ಕಾಡಿನಲ್ಲಿ ಮರ ಬಿದ್ದು ತೀರಿಕೊಂಡ ಮೇಲೆ ಹಸುಗಳನ್ನೂ ಹೊಲವನ್ನೂ ಒಬ್ಬಳೇ ನೋಡಿಕೊಂಡವಳು. ಮಾತು ಕಡಿಮೆ; ಆಡಿದ್ದನ್ನು ಎರಡನೆಯ ಸಲ ಆಡುವ ಅಭ್ಯಾಸವಿಲ್ಲ. ಕ್ವಿರಿನ್ ಕವೆಗೋಲನ್ನು ನೆಲಕ್ಕೆ ಚುಚ್ಚಿ ಬೇಲಿಯ ತನಕ ಹೋದ.

"ಇಬ್ಬನಿ ಜಾಸ್ತಿ ಈ ವರ್ಷ."

"ಜಾಸ್ತಿಯೇ."

"ಹೋದ ವರ್ಷ ಇಷ್ಟಿರಲಿಲ್ಲ."

"ಇರಲಿಲ್ಲ."

ಕ್ವಿರಿನ್ ಬಾಯಿ ತೆರೆದ. ಆಫ್ರಾ ಕುಂಟೆ ನಿಲ್ಲಿಸಿ ಕಾದಳು. ಹಿಂದೆ ಬುರ್ಗಾ ಕೂಡ ಕುಂಟೆ ನಿಲ್ಲಿಸಿದಳು.

"ನಿನ್ನ ಕಂದು ಹಸೂನ ಕೆಚ್ಚಲು ಬಾವು ಇಳೀತಾ?"

"ಇಳೀತು," ಎಂದು ಆಫ್ರಾ ಕುಂಟೆ ಎಳೆಯತೊಡಗಿದಳು.

ಕ್ವಿರಿನ್‌ನ ಪ್ರಣಯ ಎಂದರೆ ಇಷ್ಟೇ. ವರ್ಷಗಳಿಂದ ಅವನ ಮಾತು ಇಬ್ಬನಿಯಿಂದ ಹೊರಟು ಹಸುವಿನ ಕೆಚ್ಚಲಿನ ತನಕ ಹೋಗಿ ಹಿಂತಿರುಗುತ್ತಿತ್ತು. ಅವನ ಮನಸ್ಸಿನಲ್ಲಿರುವುದು ಊರಿಗೆಲ್ಲ ಗೊತ್ತಿತ್ತು, ಆಫ್ರಾಳಿಗೂ ಗೊತ್ತಿತ್ತು, ಬಹುಶಃ ಕಂದು ಹಸುವಿಗೂ ಗೊತ್ತಿತ್ತು. ಆದರೆ ಈಗ ಸಾವಕಾಶ ಮಾಡುವ ಹಾಗಿರಲಿಲ್ಲ. ಕಣಿವೆಯ ಕೆಳಗೆ ಮರ ಕೊಯ್ಯುವ ಗಿರಣಿ ಇಟ್ಟುಕೊಂಡಿದ್ದ ಕಿಲಿಯನ್, ಸ್ವಂತ ಕಾರು ಉಳ್ಳವನು, ಅಕ್ಟೋಬರಿನಲ್ಲಿ ಹೆಬ್ಬಾತು ಹುರಿಯುವ ಹಬ್ಬದ ಭಾನುವಾರಕ್ಕೆ ಆಫ್ರಾಳನ್ನು ಮದುವೆಗೆ ಕೇಳಲು ಬರುವೆನೆಂದು ಹೇಳಿ ಕಳಿಸಿದ್ದ. ಆಫ್ರಾ ಬೇಡ ಅಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ. ಅವಳು ಬೇಲಿಯ ಕಡೆ ನೋಡಿಕೊಂಡು ಕಾಯುತ್ತಿದ್ದಳೆಂದು ನಮ್ಮ ಹೆಂಗಸರು ಹೇಳುತ್ತಿದ್ದರು.

ಸಿನಿಮಾದವರು ಬಂದದ್ದು ಇದರ ನಡುವೆ.

ನಮ್ಮೂರಲ್ಲಿ ಚಳಿಗಾಲ ಬಂತೆಂದರೆ ಪಡಖಾನೆಯ ಮಹಡಿಯ ಮೇಲೆ 'ಬಾಗಿಲು ತಪ್ಪಿದ ಮದುಮಗ' ಎಂಬ ನಾಟಕ ಆಡುತ್ತೇವೆ. ಕಟ್ಟಿದವರು ಯಾರೋ ಗೊತ್ತಿಲ್ಲ. ಅಜ್ಜಂದಿರು ಆಡಿದ್ದನ್ನು ನೋಡಿ ಅಪ್ಪಂದಿರು ಆಡಿದರು, ಅವರು ತಪ್ಪು ಹೇಳಿದ ಮಾತುಗಳನ್ನೂ ಬಿಡದೆ ನಾವು ಹೇಳುತ್ತೇವೆ. ಕತ್ತಲಲ್ಲಿ ಒಬ್ಬ ಮದುಮಗ ತನ್ನ ಹುಡುಗಿಯ ಮನೆ ಬಿಟ್ಟು ಪಕ್ಕದ ಮನೆಗೆ ನುಗ್ಗಿ ಅಲ್ಲಿಯ ಅತ್ತೆಯ ಕೈಗೆ ಸಿಕ್ಕಿಬೀಳುತ್ತಾನೆ. ಕೊನೆಯಲ್ಲಿ ಎಲ್ಲ ಸರಿಹೋಗಿ ಕೈಹೊಡೆತ ಆಗುತ್ತದೆ. ಮ್ಯೂನಿಕ್‌ನ ಸಿನಿಮಾ ಕಂಪನಿಯವರೊಬ್ಬರು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, ಬೇಸಿಗೆಯಲ್ಲಿ ಕ್ಯಾಮೆರಾ ಸಮೇತ ಬಂದಿಳಿದರು. ಪಾತ್ರಗಳಿಗೆಲ್ಲ ತಮ್ಮವರನ್ನೇ ತಂದಿದ್ದರು. ನಮಗೆ ಹಿಂದೆ ನಿಂತು ಬಿಯರ್ ಕುಡಿಯುವ ಕೆಲಸ ಕೊಟ್ಟರು. ಅದನ್ನು ನಾವು ಮನಸ್ಸಿಟ್ಟು ಮಾಡಿದೆವು. ಅನ್ಯಾಯವಾದದ್ದು ಕ್ವಿರಿನ್‌ಗೆ. ನಾಟಕದಲ್ಲಿ ಇಬ್ಬರು ಹೊಕ್ಕು ಆಡುವ ಎತ್ತಿನ ವೇಷಕ್ಕೆ ಹಿಂಗಾಲು ಅವನೇ ಆಗುತ್ತಿದ್ದ; ಆ ಹಿಂಗಾಲಿಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಸಿನಿಮಾದವರು ನಿಜವಾದ ಎತ್ತನ್ನೇ ತಂದು ಕಟ್ಟಿದರು. "ನಡಿಗೇಲಿ ಏನೂ ಜೀವ ಇಲ್ಲ," ಎಂದು ಕ್ವಿರಿನ್ ಎತ್ತನ್ನು ನೋಡಿ ಹೇಳಿದ.

ಕೈಹೊಡೆತದ ವಿಷಯ ಇಲ್ಲಿ ಹೇಳಬೇಕು. ನಮ್ಮ ಕಡೆ ದನದ ವ್ಯಾಪಾರವಾಗಲಿ ಮದುವೆಯ ಮಾತಾಗಲಿ ಮುಗಿಯುವುದು ಕೈಯಲ್ಲಿ. ಇಬ್ಬರೂ ಬಲಗೈ ಹಿಡಿಯುತ್ತಾರೆ. ಮೂರನೆಯವನು 'ಮಾತು ನಿಲ್ಲುತ್ತದೆಯೇ' ಎಂದು ಕೇಳಿ, ಇಬ್ಬರೂ ನಿಲ್ಲುತ್ತದೆ ಎಂದ ಮೇಲೆ, ಕೂಡಿದ ಕೈಗಳ ಮೇಲೆ ತನ್ನ ಅಂಗೈಯಿಂದ ಹೊಡೆದು ಬಿಡಿಸುತ್ತಾನೆ. ಹೊಡೆತ ಬಿತ್ತೆಂದರೆ ಮುಗಿಯಿತು. ಆಮೇಲೆ ಹಸು ಒದೆಯುತ್ತದೆಂದು ಗೊತ್ತಾದರೂ ಹಸು ನಿಮ್ಮದೇ. ಹೆಂಡತಿಯ ವಿಷಯವೂ ಹೆಚ್ಚುಕಡಿಮೆ ಹಾಗೆಯೇ. ಅದಕ್ಕೇ ನಾಟಕದಲ್ಲಿ ಆ ದೃಶ್ಯ ಬಂದಾಗ ನಾವು ಎಡಗೈ ಕೊಡುತ್ತೇವೆ. ಎಡಗೈ ಆಟಕ್ಕೆ, ಬಲಗೈ ಮಾತಿಗೆ. ಇದು ತೊಟ್ಟಿಲ ಮಕ್ಕಳಿಗೂ ಗೊತ್ತಿರುವ ಸಂಗತಿಯಾದ್ದರಿಂದ ಸಿನಿಮಾದವರಿಗೆ ಯಾರೂ ಹೇಳಲಿಲ್ಲ.

ಊರಿನಲ್ಲಿ ಹೊಡೆಯುವವನು ಮುದುಕ ಸಿಕ್ಸ್ಟಸ್. ದನಕ್ಕೂ ಅವನೇ ದಲ್ಲಾಳಿ, ಮದುವೆಗೂ ಅವನೇ. ಅವನ ಕೈ ಬಿದ್ದ ಒಂದು ಮಾತೂ ಹಿಂದೆ ಬಂದದ್ದಿಲ್ಲ. ಅದು ಬಿಟ್ಟರೆ ಅವನ ಹತ್ತಿರ ಒಂದು ಪೈಪು, ಒಂದು ಆಡು ಇದ್ದವು.

ಕೈಹೊಡೆತದ ದೃಶ್ಯವನ್ನು ಊರಿನ ಮುಖ್ಯಸ್ಥ ವೀಟಸ್‌ನ ಅಂಗಳದಲ್ಲಿ ತೆಗೆಯುವುದೆಂದಾಯಿತು. ನಿರ್ದೇಶಕ ರೋಡೆವಾಲ್ಟ್, ಆಗಸ್ಟಿನಲ್ಲೂ ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದ ಸಣಕಲ ಮನುಷ್ಯ, ಕ್ಯಾಮೆರಾವನ್ನು ನಾಯಕನ ಕೈಗೆ ಮೂಗು ತಾಗುವಷ್ಟು ಹತ್ತಿರ ತಂದು ನೋಡಿ ತಲೆ ಮೇಲೆ ಕೈಹೊತ್ತುಕೊಂಡ. ನಾಯಕ ಬರ್ಲಿನ್ ಕಡೆಯ ಸುಂದರ.

"ಇದೇನ್ರೀ ಕೈ, ಬೆಣ್ಣೆ ಮುದ್ದೆ ಇದ್ದ ಹಾಗಿದೆ. ಇದನ್ನ ತೋರಿಸಿ ರೈತ ಅಂದ್ರೆ ಯಾರು ನಂಬ್ತಾರೆ?"

ನಾಯಕಿಯ ಉಗುರಿನ ಬಣ್ಣವನ್ನು ಎಷ್ಟು ಕೆರೆದರೂ ಕೆಂಪು ಹೋಗಿರಲಿಲ್ಲ. ರೋಡೆವಾಲ್ಟ್ ಸಂತೆಯಲ್ಲಿ ದನದ ಹಲ್ಲು ನೋಡುವವನ ಹಾಗೆ ನಮ್ಮ ಸಾಲಿನ ಮುಂದೆ ಕೈ ನೋಡುತ್ತ ಬಂದು ಕ್ವಿರಿನ್‌ನ ಮುಂದೆ ನಿಂತ. ಕವೆಗೋಲಿನ ಹಿಡಿಯಂಥ ಬೆರಳು, ಕಪ್ಪಗಾದ ಹೆಬ್ಬೆರಳ ಉಗುರು, ಅಂಗೈ ತುಂಬ ಜಡ್ಡು.

"ಇದು ಕೈ," ಎಂದು ಅವನು ಮೆಲ್ಲಗೆ ಹೇಳಿದ. ಕ್ವಿರಿನ್ ತನ್ನ ಕೈಯನ್ನು ತಾನೇ ಮೊದಲ ಸಲ ನೋಡುವವನಂತೆ ನೋಡಿಕೊಂಡ.

ಸಿನಿಮಾದವರ ಕಾಫಿಗೆ ಹಾಲು ಕೊಡಲು ಆಫ್ರಾ ಬಂದಿದ್ದಳು. ಪಾತ್ರೆ ಇಳಿಸುವ ಮೊದಲೇ ಅವಳ ಕೈಯೂ ಒಪ್ಪಿಗೆಯಾಯಿತು.

"ನಿಮ್ಮಿಬ್ಬರದು ಕೈ ಮಾತ್ರ. ಮುಖ ಬರೋದಿಲ್ಲ, ಧ್ವನಿ ಹಿಡಿಯೋದಿಲ್ಲ, ಏನೂ ಮಾತಾಡಬೇಕಾಗಿಲ್ಲ. ಊರಲ್ಲಿ ನಿಜವಾಗಿ ಹೇಗೆ ಮಾಡ್ತೀರೋ ಹಾಗೆ ಮಾಡಿ. ತಾತ, ನೀವು ಹೊಡೀರಿ," ಎಂದ ರೋಡೆವಾಲ್ಟ್.

"ನಾನು ಸುಮ್‌ಸುಮ್ನೆ ಹೊಡೆಯೋನಲ್ಲ ಸ್ವಾಮಿ," ಎಂದ ಸಿಕ್ಸ್ಟಸ್. "ಕೇಳಿಯೇ ಹೊಡೆಯೋದು."

"ಏನಾದ್ರೂ ಕೇಳಿಕೊಳ್ಳಿ. ನನಗೆ ಕೈ ನಿಜ ಕಂಡ್ರೆ ಸಾಕು."

ಕ್ಯಾಮೆರಾದ ಮುಂದೆ ಎರಡು ಕೈ ಬಂದು ಕೂಡಿದವು. ಎರಡೂ ಬಲಗೈ. ಹಿಂದೆ ಬಿಯರ್ ಕುಡಿಯುವ ಪಾತ್ರದಲ್ಲಿದ್ದ ನಾವೆಲ್ಲ ಕುಡಿಯುವುದನ್ನು ಮರೆತೆವು. ಸಿಕ್ಸ್ಟಸ್ ಕೈಗಳನ್ನು ನೋಡಿದ, ಮುಖಗಳನ್ನು ನೋಡಿದ, ಬಾಯಿಂದ ಪೈಪು ತೆಗೆದು ಕಿಸೆಗೆ ಹಾಕಿಕೊಂಡ.

"ಮಾತು ನಿಲ್ಲುತ್ತೇನಪ್ಪಾ?"

ಕ್ವಿರಿನ್‌ನ ಹಿಡಿತ ಇನ್ನಷ್ಟು ಬಿಗಿಯಾಯಿತು. "ನಿಲ್ಲುತ್ತೆ."

"ನಿಲ್ಲುತ್ತೇನಮ್ಮಾ?"

"ನಿಲ್ಲುತ್ತೆ," ಎಂದಳು ಆಫ್ರಾ.

ಹೊಡೆತದ ಸದ್ದು ವೀಟಸ್‌ನ ಕೊಟ್ಟಿಗೆಯ ತನಕ ಕೇಳಿಸಿತು. "ಸೊಗಸಾಗಿದೆ," ಎಂದ ರೋಡೆವಾಲ್ಟ್. "ಈಗ ಎತ್ತನ್ನ ತನ್ನಿ."

ಸಂಜೆಯೊಳಗೆ ಆಲ್ಟನ್‌ರೀಡ್ ಎರಡು ಪಕ್ಷವಾಯಿತು. ಹಾಲಿನ ಕ್ಯಾನು ಇಡುವ ಕಟ್ಟೆಯ ಹತ್ತಿರ ಒಬ್ಬನೂ ತನ್ನ ಕ್ಯಾನು ಇಟ್ಟು ಮನೆಗೆ ಹೋಗಲಿಲ್ಲ.

"ಸಿನಿಮಾಕ್ಕೆ ಕೊಟ್ಟ ಕೈ ಕಣಯ್ಯ. ಅದು ಲೆಕ್ಕಕ್ಕಿಲ್ಲ."

"ಆಟಕ್ಕಾದ್ರೆ ಎಡಗೈ ಕೊಡಬೇಕಾಗಿತ್ತು."

"ಅವನಿಗೆ ಎಡ ಯಾವುದು ಬಲ ಯಾವುದು ಅಂತ ಗೊತ್ತಿದ್ರೆ ತಾನೆ?"

"ಅದು ಬಿಡು. ಸಿನಿಮಾಕ್ಕೆ ಬೇಕಾಗಿದ್ದು ಕೈ. ಬಾಯಿ ಬೇಕಾಗಿರಲಿಲ್ಲ, ಅವರೇ ಹೇಳಿದ್ರು. ಮತ್ತೆ ಬಾಯಿಬಿಟ್ಟು 'ನಿಲ್ಲುತ್ತೆ' ಅಂದದ್ದು ಯಾರಿಗೆ?"

ಇದನ್ನು ಹಾಲು ಹುಳಿಯಾಗುವ ತನಕ ಯೋಚಿಸಿದೆವು.

ಕ್ವಿರಿನ್‌ಗೆ ಇದರ ಬಿಸಿ ಮೊದಮೊದಲು ತಟ್ಟಲೇ ಇಲ್ಲ. ಹಿಂಗಾಲಿನಿಂದ ಕೈಗೆ ಬಡ್ತಿ ಸಿಕ್ಕ ಸಂತೋಷದಲ್ಲಿದ್ದ. ಮತ್ತೆ ಬೇಕಾಗಬಹುದು, ಕೈ ಹುಷಾರು ಎಂದು ರೋಡೆವಾಲ್ಟ್ ಹೇಳಿದ್ದನಂತೆ. ಕ್ವಿರಿನ್ ಬೆಳಿಗ್ಗೆ ಸಂಜೆ ಮಜ್ಜಿಗೆಯಲ್ಲಿ ಕೈ ತೊಳೆದ, ಹಂದಿಯ ಕೊಬ್ಬು ತಿಕ್ಕಿದ, ಕೊಟ್ಟಿಗೆಯ ಸಗಣಿಯನ್ನು ಭಾನುವಾರದ ಕೈಗವಸು ಹಾಕಿಕೊಂಡು ಬಾಚಿದ.

"ಆ ಕೈನ ಸಂತರ ಎಲುಬಿನ ಹಾಗೆ ಗಾಜಿನ ಪೆಟ್ಟಿಗೇಲಿಟ್ಟು ಪಾದ್ರಿಗಳಿಗೆ ಕೊಟ್ಟುಬಿಡು," ಎಂದಳು ಬುರ್ಗಾ. "ಮುಂದೆ ಮೆರವಣಿಗೆ ಮಾಡ್ತಾರೆ, ಜನ ಮುತ್ತಿಡ್ತಾರೆ." ನಂತರ ಧ್ವನಿ ತಗ್ಗಿಸಿ ಕೇಳಿದಳು: "ನಿಜ ಹೇಳು. ಬಲಗೈ ಅಂತ ಗೊತ್ತಿದ್ದೇ ಕೊಟ್ಯಾ?"

"ಮಜ್ಜಿಗೆ ಇನ್ನೂ ಇದೆಯಾ?" ಎಂದ ಕ್ವಿರಿನ್.

ಮುಖ್ಯಸ್ಥ ವೀಟಸ್‌ನ ಸಂಕಟ ಬೇರೆ. ಶಾಲೆಯ ಸೋರುವ ಮಾಡಿಗೆ ಹಲಗೆ ಕೊಡುತ್ತೇನೆಂದು ಗಿರಣಿಯ ಕಿಲಿಯನ್ ಮಾತು ಕೊಟ್ಟಿದ್ದ. ಅವನು ಕೋಪಿಸಿಕೊಂಡರೆ ಈ ಚಳಿಗಾಲವೂ ಮಕ್ಕಳು ಕೊಡೆ ಹಿಡಿದು ಮಗ್ಗಿ ಹೇಳಬೇಕು. "ಅದು ಆಟ ತಾನೆ ಕ್ವಿರಿನ್?" ಎಂದು ದಾರಿಯಲ್ಲಿ ಹಿಡಿದು ಕೇಳಿದ. "ಆಟವೇ ಇರಬೇಕು," ಎಂದ ಕ್ವಿರಿನ್. ನೂರು ಹೆಜ್ಜೆ ಹೋಗುವಷ್ಟರಲ್ಲಿ ಸಿಕ್ಸ್ಟಸ್ ಸಿಕ್ಕಿ, "ನನ್ನ ಹೊಡೆತ ಇವತ್ತಿನವರೆಗೆ ಹಿಂದೆ ಬಂದಿಲ್ಲ ಕಣೋ ಮಗಾ," ಎಂದ. "ಬರಬಾರದು," ಎಂದ ಕ್ವಿರಿನ್. ಎದುರಿಗಿದ್ದವರ ಮುಖ ಬಾಡಬಾರದೆಂಬುದು ಅವನ ಜೀವನದ ಒಂದೇ ನಿಯಮ. ಹೀಗೆ ಒಂದೇ ದಿನದಲ್ಲಿ ಅವನು ಎಷ್ಟು ಸಲ ಮದುವೆ ಒಪ್ಪಿಕೊಂಡ, ಎಷ್ಟು ಸಲ ಬಿಟ್ಟ ಎಂಬುದನ್ನು ಯಾರೂ ಲೆಕ್ಕ ಇಡಲಿಲ್ಲ.

ಬೇಲಿಯ ಹತ್ತಿರ ಮಾತ್ರ ನಿಯಮ ಕೈಕೊಟ್ಟಿತು.

"ಇಬ್ಬನಿ ಕಡಿಮೆಯಾಯ್ತು," ಎಂದ.

"ಇಬ್ಬನಿ ಹಾಗಿರಲಿ," ಎಂದಳು ಆಫ್ರಾ. "ಬೇರೆ ಏನಾದ್ರೂ ಹೇಳೋದಿದೆಯಾ?"

ಬೇರೆ ಹೇಳುವುದು ಬಹಳವಿತ್ತು. ಅಷ್ಟೂ ಒಟ್ಟಿಗೆ ಹೊರಟು ಬಾಗಿಲಲ್ಲಿ ಸಿಕ್ಕಿಕೊಂಡವು. ಅವಳು ಕುಂಟೆಯನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ನಡೆದಳು. ಕೆಚ್ಚಲಿನ ವಿಚಾರಕ್ಕೆ ಕೂಡ ಅಂದು ಅವಕಾಶ ಸಿಗಲಿಲ್ಲ.

ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಕಿಲಿಯನ್‌ನ ಕಾರು ಪಡಖಾನೆಯ ಮುಂದೆ ಬಂದು ನಿಂತಿತು. ಕಿಲಿಯನ್ ಕೆಟ್ಟವನಲ್ಲ. ಹಲಗೆಯನ್ನು ನೂಲು ಹಿಡಿದು ಅಳೆಯುವವನು. ವಕ್ರವಾದದ್ದು ಅವನಿಗೆ ಆಗುವುದಿಲ್ಲ, ಅಷ್ಟೇ.

"ನಾನು ಜಗಳಕ್ಕೆ ಬಂದಿಲ್ಲ," ಎಂದು ಮೇಜಿನ ಮೇಲೆ ಟೋಪಿ ಇಟ್ಟ. "ಒಬ್ಬನಿಗೆ ಕೈ ಕೊಟ್ಟ ಹೆಂಗಸನ್ನ ನಾನು ಕೇಳೋದಿಲ್ಲ. ಕೊಟ್ಟಿಲ್ಲ ಅಂದ್ರೆ ಕೇಳ್ತೀನಿ. ಕೊಟ್ಟಿದ್ದಾಳೋ ಇಲ್ವೋ, ಅದನ್ನ ಊರು ಹೇಳಲಿ."

ಊರು ಪಾದ್ರಿಗಳನ್ನು ನೋಡಿತು. "ಬಲಿಪೀಠದ ಮುಂದೆ ಹೇಳಿದ್ದು ನನ್ನ ಜವಾಬ್ದಾರಿ," ಎಂದರು ಪಾದ್ರಿಗಳು. "ಅಂಗಳದಲ್ಲಿ ಹೊಡೆದದ್ದು ನನಗೆ ಬೇಡ."

ಆಗ ಬುರ್ಗಾ ಎದ್ದಳು. ಹೆಂಗಸರು ಪಡಖಾನೆಗೆ ಬರುವುದು ಅಪರೂಪ. ಆದರೆ ಆಫ್ರಾ ಮನೆಗೆ ಬಂದರೆ ಅಡುಗೆಮನೆಯ ಸೌಟು ಯಾರ ಕೈಗೆ ಹೋಗುತ್ತದೆಂಬ ಪ್ರಶ್ನೆ ಅವಳನ್ನು ಎಳೆತಂದಿತ್ತು. "ನನ್ನ ತಮ್ಮ ಕೊಟ್ಟದ್ದು ಎಡಗೈ ಅಂದ್ಕೊಂಡು. ಅವನಿಗೆ ಎಡಬಲ ಗೊತ್ತಿಲ್ಲ. ಬೇಕಾದ್ರೆ ಪಾದ್ರಿಗಳನ್ನ ಕೇಳಿ."

"ಆ ವಿಷಯಕ್ಕೆ ನಾನು ಸಾಕ್ಷಿ," ಎಂದು ಪಾದ್ರಿಗಳು ಕೂಡಲೇ ಒಪ್ಪಿಕೊಂಡರು. "ಒಳಗಿನ ಬನಿಯನ್ನಿನ ತನಕ ಸಾಕ್ಷಿ."

ವೀಟಸ್‌ಗೆ ಬೆಳಕು ಕಂಡಿತು. "ಪರೀಕ್ಷೆ ಮಾಡೋಣ. ಕ್ವಿರಿನ್, ಕಣ್ಣು ಮುಚ್ಚಿ ಬಲಗೈ ಎತ್ತಯ್ಯ."

ಕ್ವಿರಿನ್ ಕಣ್ಣು ಮುಚ್ಚಿದ. ಎತ್ತಿದ್ದು ಎಡಗೈ.

ಪಡಖಾನೆ ಒಟ್ಟಿಗೆ ಉಸಿರು ಬಿಟ್ಟಿತು. "ನೋಡಿದ್ರಾ," ಎಂದು ವೀಟಸ್ ಬೆರಳು ಮಡಿಸಿ ವಾದ ಕಟ್ಟತೊಡಗಿದ. "ಬಲ ಅಂದ್ರೆ ಎಡ ಎತ್ತುತ್ತಾನೆ. ಹಾಗಾದ್ರೆ ಅವತ್ತು ಅವನು ಎತ್ತಿದ್ದು ಬಲ ಆದ್ದರಿಂದ, ಮನಸ್ಸಲ್ಲಿದ್ದದ್ದು ಎಡ. ಎಡ ಅಂದ್ರೆ ಆಟ. ಬಲಗೈ ಕೊಟ್ಟಿದ್ದರಿಂದಲೇ ಅದು ಬಲಗೈ ಅಲ್ಲ ಅಂತ ಸಾಬೀತಾಯ್ತು."

"ಅಂದ್ರೆ ಎಡಗೈ ಕೊಟ್ಟಿದ್ರೆ ಮದುವೆ ಮಾಡ್ತಿದ್ಯೇನು?" ಎಂದ ಸಿಕ್ಸ್ಟಸ್.

"ಕಾನೂನು ಅಂದ್ರೆ ಹಾಗೇ ಇರುತ್ತೆ ಸಿಕ್ಸ್ಟಸ್."

ಸಿಕ್ಸ್ಟಸ್ ತನ್ನ ಬಿಯರನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಅವನು ಬಿಯರ್ ಬಿಟ್ಟದ್ದನ್ನು ನಾವು ಕಂಡದ್ದು ಅದೇ ಮೊದಲು. ಕಿಲಿಯನ್ ಮಾತ್ರ ಪೂರ್ತಿ ಒಪ್ಪಲಿಲ್ಲ. ವಾದ ಸ್ವಲ್ಪ ವಕ್ರವಾಗಿದೆ ಎಂದು ಅವನಿಗೂ ಅನಿಸಿರಬೇಕು.

ಕ್ವಿರಿನ್ ಕಣ್ಣು ತೆರೆದು ನೋಡಿದಾಗ ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದರು. ಯಾಕೆಂದು ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಅವನ ಬಲಗೈಯಲ್ಲಿ ತುಂಬಿದ ಬಿಯರ್ ಮಗ್ಗು ಇತ್ತು. ಅದನ್ನು ಕೆಳಗಿಡು ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ, ಖಾಲಿ ಇದ್ದ ಕೈ ಎತ್ತಿದ್ದ. ಒಂದು ಮಗ್ಗು ಬಿಯರಿಗೆ ಆಫ್ರಾಳನ್ನು ಕಳೆದುಕೊಂಡೆನೆಂದು ಅವನಿಗೆ ಅರ್ಥವಾದಾಗ ಮಗ್ಗು ಬಾಯಿಯ ಹತ್ತಿರವಿತ್ತು. ಹೇಳಲು ಹೊರಟ. "ಇಲ್ಲ, ನಾನು, ಈ ಬಿಯರು..." ಎಂದ.

"ಇನ್ನೊಂದು ಬೇಕಂತೆ, ಕೊಡ್ರಪ್ಪ," ಎಂದ ವೀಟಸ್.

ಮಾರನೆಯ ದಿನ ಸಿನಿಮಾದವರಿಂದ ಕರೆ ಬಂತು. ಮ್ಯೂನಿಕ್‌ನಲ್ಲಿ ಫಿಲಂ ತೊಳೆಯುವಾಗ ಆ ದೃಶ್ಯದ ಸುರುಳಿ ಹಾಳಾಗಿದೆ. ಅದೇ ಕೈಗಳು ಇನ್ನೊಮ್ಮೆ ಬೇಕು. ವೀಟಸ್‌ಗೆ ದೇವರೇ ಕಳಿಸಿಕೊಟ್ಟ ಹಾಗಾಯಿತು. ಕಿಲಿಯನ್‌ಗೆ ಹೇಳಿ ಕಳಿಸಿದ: "ಬಂದು ಕಣ್ಣಾರೆ ನೋಡು. ಈ ಸಲ ಎಡಗೈ ಕೊಡಿಸ್ತೀನಿ. ಆಟ ಅಂತ ಎಲ್ಲರ ಮುಂದೆ ಇತ್ಯರ್ಥ ಆಗಿಬಿಡಲಿ."

ಅಂದು ಹುಲ್ಲು ಗುಪ್ಪೆಯಲ್ಲೇ ಉಳಿಯಿತು. ಊರಿಗೆ ಊರೇ ವೀಟಸ್‌ನ ಅಂಗಳದಲ್ಲಿತ್ತು. ಕಿಲಿಯನ್ ಕಾರಿಗೆ ಒರಗಿ ನಿಂತಿದ್ದ. ವೀಟಸ್ ಒಂದು ಹುಲ್ಲಿನ ಹುರಿ ಹೊಸೆದು ಕ್ವಿರಿನ್‌ನ ಎಡ ಮಣಿಕಟ್ಟಿಗೆ ಕಟ್ಟಿದ.

"ಇದು. ಹುಲ್ಲು ಕಟ್ಟಿರೋದು. ತಿಳೀತಾ? ಎಡ ಬಲ ಎಲ್ಲ ಮರೆತುಬಿಡು. ಹುಲ್ಲು ಇರೋದನ್ನ ಕೊಡು."

"ಹೋದ ಸಲ 'ನಿಲ್ಲುತ್ತೆ' ಅಂದ ಹಾಗೆ ಈ ಸಲ ಬಾಯಿ ಬಿಟ್ಟೀಯಾ ಜೋಕೆ," ಎಂದಳು ಬುರ್ಗಾ.

"ಎಡಗೈ ಯಾಕ್ರೀ?" ಎಂದ ರೋಡೆವಾಲ್ಟ್. "ಹೋದ ಸಲ ಬಲಗೈ ಅಲ್ವಾ? ಇದೇನು ಹುಲ್ಲು? ಇವರ ಕೈಗೆ ಏನಾಗಿದೆ, ಮೊದಲಿನ ಹಾಗಿಲ್ಲವಲ್ಲ, ಹೊಳೀತಾ ಇದೆ." ಇದು ಅವನಿಗೆ ಸಂಬಂಧಪಟ್ಟ ವಿಷಯವಲ್ಲ ಎಂದು ಎಲ್ಲರೂ ತಿಳಿದಿದ್ದರು.

ಆಫ್ರಾ ಬಂದು ಕ್ಯಾಮೆರಾದ ಆಚೆ ನಿಂತಳು. ಅವಳ ಎರಡೂ ಕೈ ಸೊಂಟಕ್ಕೆ ಕಟ್ಟಿದ ಏಪ್ರನ್ನಿನೊಳಗಿದ್ದವು. ಸಿಕ್ಸ್ಟಸ್ ಗೋಡೆಗೆ ಒರಗಿ ಪೈಪು ಕಚ್ಚಿಕೊಂಡೇ ಇದ್ದ, ಕರೆದರೂ ಕದಲಲಿಲ್ಲ.

"ಕೈ ಕೊಡಿ," ಎಂದ ರೋಡೆವಾಲ್ಟ್.

ಕ್ವಿರಿನ್ ಹುಲ್ಲು ಕಟ್ಟಿದ ಕೈಯನ್ನು ನೋಡಿದ. ಕಟ್ಟದ ಕೈಯನ್ನು ನೋಡಿದ. ವೀಟಸ್ ತುಟಿ ಅಲುಗಿಸುತ್ತ 'ಹುಲ್ಲು, ಹುಲ್ಲು' ಎನ್ನುತ್ತಿದ್ದ. ಕ್ವಿರಿನ್‌ನ ಎಡಗೈ ಎದ್ದಿತು. ಸೊಂಟದ ತನಕ ಬಂತು. ಅಲ್ಲಿಂದ ನೇರ ಚಲ್ಲಣದ ಕಿಸೆಯೊಳಗೆ ಹೋಯಿತು.

"ಈ ವರ್ಷ ಇಬ್ಬನಿ," ಎಂದು ಅವನು ಶುರುಮಾಡಿದ.

"ಮಾತು ಬೇಡ," ಎಂದ ರೋಡೆವಾಲ್ಟ್.

"ಸುಮ್ಮನಿರಿ ಸ್ವಾಮಿ," ಎಂದು ಹಿಂದಿನಿಂದ ನಾಲ್ಕಾರು ಜನ ಒಟ್ಟಿಗೆ ಅಂದರು.

"ಈ ವರ್ಷ ಇಬ್ಬನಿ ಜಾಸ್ತಿ ಇತ್ತು. ಹುಲ್ಲು ಒಣಗೋಕೆ ಹೊತ್ತು ಹಿಡೀತು. ಎರಡನೇ ಕೊಯ್ಲು ಹಾಗೇನೇ. ಹೊರಗಡೆ ಒಣಗಿದ ಹಾಗೆ ಕಾಣುತ್ತೆ, ಒಳಗೆ ಹಸಿ. ಬೇಗ ಕೊಟ್ಟಿಗೆಗೆ ಹಾಕಿದ್ರೆ ಬಿಸಿಯೇರಿ ಹೊತ್ತಿಕೊಳ್ಳುತ್ತೆ. ತಡ ಮಾಡಿದ್ರೆ ಮಳೆ ಬರುತ್ತೆ. ನಾನು ತಡ ಮಾಡಿದೆ." ಅವನು ಅಲ್ಲಿ ನಿಂತ. ಕೆಚ್ಚಲಿನ ಕಡೆ ಮಾತು ತಿರುಗುತ್ತದೆಂದು ನಾವೆಲ್ಲ ಕಾದೆವು. "ಭಾನುವಾರ ಪಡಖಾನೇಲಿ ಬಲಗೈಯಲ್ಲಿ ಮಗ್ಗು ಇತ್ತು. ಅದಕ್ಕೆ ಇನ್ನೊಂದು ಎತ್ತಿದೆ. ಅವತ್ತು ಮಗ್ಗು ಇರಲಿಲ್ಲ. ಅವತ್ತು ಕೊಟ್ಟಿದ್ದು ಯಾವುದು ಅಂತ ನನಗೆ ಗೊತ್ತಿತ್ತು. ಅದೊಂದು ಸಲ ಗೊತ್ತಿತ್ತು. ಅದನ್ನ ಈಗ ಆಟಕ್ಕೆ ಅಂತ ಕೊಡೋಕಾಗಲ್ಲ."

ಅಂಗಳದಲ್ಲಿ ಎತ್ತು ಮಾತ್ರ ಮೆಲುಕು ಹಾಕುತ್ತಿತ್ತು. ವೀಟಸ್‌ಗೆ ಶಾಲೆಯ ಮಾಡು ಕಣ್ಣ ಮುಂದೆ ಬಂದಿರಬೇಕು. "ಇವನೊಬ್ಬ ಹೇಳಿದ್ರೆ ಆಗೋದಿಲ್ಲ," ಎಂದ. "ಇವನ ಕೈ ವಿಚಾರ ನಂಬೋ ಹಾಗೇ ಇಲ್ಲ."

"ಇಷ್ಟು ದಿನ ಎಲ್ಲರೂ ಇವನ ಕೈ ವಿಚಾರವೇ ಮಾತಾಡಿದ್ರಿ," ಎಂದಳು ಆಫ್ರಾ. ಅವಳು ಧ್ವನಿ ಏರಿಸಲಿಲ್ಲ. "ಎರಡು ಕೈ ಇತ್ತಲ್ಲ ಅಲ್ಲಿ. ನನ್ನದು ಯಾವುದು ಅಂತ ಒಬ್ಬರೂ ಕೇಳಲಿಲ್ಲ. ನಾನು ಪಾದ್ರಿಗಳ ಮೇಲೆ ನೀರು ಬಿಟ್ಟಿಲ್ಲ. ನನಗೆ ಎಡಬಲ ಗೊತ್ತು. ಮೊದಲು ಕೈ ಚಾಚಿದ್ದು ನಾನು. ಇವನು ಚಾಚೋ ತನಕ ಕಾದಿದ್ರೆ ಮೂರನೇ ಕೊಯ್ಲು ಬರ್ತಿತ್ತು."

ನಮ್ಮ ಕಡೆ ಹುಲ್ಲಿಗೆ ಮೂರನೆಯ ಕೊಯ್ಲು ಎಂಬುದೇ ಇಲ್ಲ.

ಕಿಲಿಯನ್ ಟೋಪಿ ತಲೆಯ ಮೇಲಿಟ್ಟುಕೊಂಡ. "ಇದು ನೇರವಾಯ್ತು," ಎಂದ. ಕಾರಿನ ಬಾಗಿಲು ತೆಗೆದವನು ತಿರುಗಿ, "ವೀಟಸ್, ಹಲಗೆ ಗುರುವಾರ ಬರುತ್ತೆ. ಮಾಡಿಗೂ ಮದುವೆಗೂ ಏನು ಸಂಬಂಧ," ಎಂದು ಹೇಳಿ ಹೋದ. ಮುಖದಲ್ಲಿ ನೋವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾರನ್ನು ಮಾತ್ರ ನೇರವಾಗಿಯೇ ಓಡಿಸಿಕೊಂಡು ಹೋದ.

"ಹಾಗಾದ್ರೆ ನನಗೆ ಕೈ ಯಾರು ಕೊಡ್ತಾರೆ?" ಎಂದ ರೋಡೆವಾಲ್ಟ್.

ಕೊನೆಗೆ ಕೊಟ್ಟವರು ವೀಟಸ್ ಮತ್ತು ಬುರ್ಗಾ. ಎಡಗೈ. ವೀಟಸ್‌ನ ಹೆಂಡತಿ ಪಕ್ಕದಲ್ಲೇ ನಿಂತು ಎಡಗೈಯೇ ಹೌದೆಂದು ಎರಡೆರಡು ಸಲ ನೋಡಿಕೊಂಡಳು. ಸಿಕ್ಸ್ಟಸ್ ಹೊಡೆಯಲು ಒಪ್ಪದ್ದರಿಂದ ರೋಡೆವಾಲ್ಟ್ ತಾನೇ ಹೊಡೆದು ಮಣಿಕಟ್ಟು ಉಳುಕಿಸಿಕೊಂಡ. ಮುಂದಿನ ವರ್ಷ ಸಿನಿಮಾ ಪೇಟೆಗೆ ಬಂದಾಗ ನಾವೆಲ್ಲ ಹೋಗಿ ನೋಡಿದೆವು. ಆ ದೃಶ್ಯ ಬಂದಾಗ ಪೇಟೆಯ ಹೆಂಗಸರು ಕರವಸ್ತ್ರ ತೆಗೆದರು. ನಮ್ಮ ಸಾಲಿನವರು ಬಿದ್ದು ಬಿದ್ದು ನಕ್ಕದ್ದಕ್ಕೆ ಟಿಕೆಟ್ ಹರಿಯುವವನು ಬಂದು ಗದರಿದ.

ಮದುವೆ ನವೆಂಬರಿನಲ್ಲಿ ಆಯಿತು. ಸೌಟಿನ ಪ್ರಶ್ನೆಯನ್ನು ಆಫ್ರಾಳೇ ಬಗೆಹರಿಸಿದಳು. ತಾನು ಕ್ವಿರಿನ್‌ನ ಮನೆಗೆ ಬಂದು, ಬೇಲಿಯಾಚೆಯ ತನ್ನ ಮನೆಯನ್ನು ಬುರ್ಗಾಳಿಗೆ ಬಿಟ್ಟುಕೊಟ್ಟಳು. ಬುರ್ಗಾ ತನ್ನ ಕೋಳಿಗಳ ಸಮೇತ ಅಲ್ಲಿಗೆ ಹೋದಳು, ಮತ್ತು ಅಲ್ಲಿಂದಲೇ ಕೂಗಿ ಇಲ್ಲಿಯ ಅಡುಗೆಯ ಉಪ್ಪು ಖಾರ ಹೇಳುತ್ತಿದ್ದಳು.

ಉಳಿದದ್ದು ಒಂದು ಬಾಕಿ. ಮದುವೆಯ ಮಾತಿಗೆ ಹೊಡೆದವನಿಗೆ ಗಂಡಿನ ಮನೆಯ ಹೆಂಗಸು ನಾರುಬಟ್ಟೆಯ ಅಂಗಿಯೊಂದನ್ನು ಹೊಲಿದು ಕೊಡಬೇಕು. ಸಿಕ್ಸ್ಟಸ್ ಬಂದು ಬುರ್ಗಾಳ ಒಲೆಯ ಪಕ್ಕ ಕೂತ.

"ಯಾವ ಅಂಗಿ?" ಎಂದಳು ಬುರ್ಗಾ. "ಹೊಡಿ ಅಂದವರು ಸಿನಿಮಾದವರು. ಅವರನ್ನ ಕೇಳು."

"ಹೊಡೆದದ್ದು ಅವರಿಗಲ್ಲ," ಎಂದ ಸಿಕ್ಸ್ಟಸ್.

ಚಳಿಗಾಲವಿಡೀ ಅವನು ಬಂದು ಕೂರುತ್ತಿದ್ದ. ಅವಳ ಸೌದೆ ಖರ್ಚಾಯಿತು, ಕಾಫಿ ಖರ್ಚಾಯಿತು. ಅಂಗಿಯೇ ಅಗ್ಗ ಎನಿಸಿರಬೇಕು, ಈಸ್ಟರ್ ಹೊತ್ತಿಗೆ ಹೊಲಿದು ಮೇಜಿನ ಮೇಲೆ ಎಸೆದಳು. ಸಿಕ್ಸ್ಟಸ್ ತೊಟ್ಟುಕೊಂಡು ನೋಡಿದ. ಹೊಲಿಗೆ ಅಚ್ಚುಕಟ್ಟು, ಕಾಲರು ಅಚ್ಚುಕಟ್ಟು. ಬಲತೋಳು ಮಾತ್ರ ಒಂದು ಗೇಣು ಗಿಡ್ಡ.

"ಬಟ್ಟೆ ಸಾಲಲಿಲ್ಲ," ಎಂದಳು ಬುರ್ಗಾ.

"ಎಡತೋಳಿಗೆ ಸಾಲ್ತಲ್ಲ?"

"ಅದು ಯಾರ ಮನೆ ತಂಟೆಗೂ ಹೋಗಿಲ್ಲ."

ಸಿಕ್ಸ್ಟಸ್ ಬಲಗೈಯನ್ನು ಮೇಲೆತ್ತಿ ಗಾಳಿಯಲ್ಲಿ ಒಮ್ಮೆ ಬೀಸಿ ಹೊಡೆದ. ಇನ್ನೊಮ್ಮೆ ಬೀಸಿದ.

"ಒಳ್ಳೇದೇ ಆಯ್ತು ಬುರ್ಗಾ. ತೋಳು ಅಡ್ಡ ಬರೋದಿಲ್ಲ," ಎಂದು ಗುಂಡಿ ಹಾಕಿಕೊಂಡು, ಬಾಕಿ ತೀರಿತೆಂದು ಒಪ್ಪಿ, ದನದ ಸಂತೆಗೆ ಹೊರಟ.